ಕೆರೆಯ ಒಂದು ದಡ ಇಳಿಜಾರಾಗಿರಲಿ

ಶಿರಸಿ ಕಡೆ ಕೆರೆ ಹೂಳೆತ್ತುವ ಕೆಲಸಕ್ಕೆ ಹೋದಲ್ಲೆಲ್ಲ ಒಂದು ಮಾತು ಬಂದೇ ಬರುತ್ತದೆ: 'ಸುತ್ತಲೂ ಕಲ್ಲು ಕಟ್ಟಿಸಿಬಿಡೋಣ, ಅಲ್ವಾ?' ನಾನು ಬೇಡ ಅನ್ನುತ್ತೇನೆ. ಹೊಳೆ ತಾನೇ ಮಾಡಿಟ್ಟ ಕೆರೆಯನ್ನು ನೋಡಿದರೆ ಕಾರಣ ತಿಳಿಯುತ್ತದೆ.

ಬಯಲಲ್ಲಿ ಹೊಳೆ ಡೊಂಕುಡೊಂಕಾಗಿ ಹರಿಯುತ್ತದೆ. ತಿರುವಿನ ಹೊರಬದಿಯಲ್ಲಿ ಸೆಳೆತ ಜೋರು, ದಡ ಕೊರೆದು ಆಳವಾಗುತ್ತದೆ. ಒಳಬದಿಯಲ್ಲಿ ಮರಳು, ಮಣ್ಣು ಕೂತು ಇಳಿಜಾರಾಗುತ್ತದೆ. ಯಾವುದೋ ಒಂದು ನೆರೆಯಲ್ಲಿ ಹೊಳೆ ಅಡ್ಡದಾರಿ ಹಿಡಿಯುತ್ತದೆ. ಹಳೇ ತಿರುವು ಕುಡುಗೋಲಿನ ಆಕಾರದ ಕೆರೆಯಾಗಿ ಉಳಿಯುತ್ತದೆ. 2020ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ, ಸೇರಿದ ಬಿಹಾರದ ಕಾವರ್ ತಾಲ್ ಹೀಗೆ ಆದದ್ದು. ನಮ್ಮ ಅಘನಾಶಿನಿಗೆ ಘಟ್ಟದಲ್ಲಿ ಅಷ್ಟು ಬಯಲೆಲ್ಲಿ? ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವ ಹೊಳೆ ಅದು. ಇಲ್ಲಿನ ಕೆರೆಗಳು ಹಿರಿಯರು ತೋಡಿದವು. ಆದರೆ ಹೊಳೆಯ ಲೆಕ್ಕ ಇಲ್ಲಿಗೂ ಸರಿಹೊಂದುತ್ತದೆ: ಒಂದು ಬದಿ ಆಳ ನೀರಿಗೆ, ಇನ್ನೊಂದು ಬದಿಯ ಇಳಿಜಾರು ಜೀವಿಗಳಿಗೆ.

ಒಂದು ಎಕರೆ ಕೆರೆಯಲ್ಲಿ ಒಂದು ಮೀಟರ್ ಹೂಳು ತೆಗೆದರೆ ಸುಮಾರು 40 ಲಕ್ಷ ಲೀಟರ್ ನೀರಿಗೆ ಜಾಗವಾಗುತ್ತದೆ. ಈ ಲೆಕ್ಕ ಕೇಳಿದವರಿಗೆ ಇನ್ನೂ ತೋಡೋಣ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಕೆರೆಯನ್ನು ಎರಡು ಅಡಿ ಜಾಸ್ತಿ ತೋಡಿಸಿದೆ. ತಳದ ಜೇಡಿಮಣ್ಣು ಹರಿದು ನೀರು ನಿಲ್ಲದ ಚಿರೇಕಲ್ಲಿನ ಪದರ ಬಯಲಾಯಿತು. ಮಳೆಗಾಲದಲ್ಲಿ ತುಂಬಿದ ಕೆರೆ ಫೆಬ್ರವರಿಗೆ ಬತ್ತಿಹೋಯಿತು. ಊರಿನವರು ಬೈಯಲಿಲ್ಲ, ಸುಮ್ನೆ ದಡದಲ್ಲಿ ನಿಂತು ನೋಡಿದರು. ಮರುವರ್ಷ ಜೇಡಿಮಣ್ಣು ತಂದು, ಪದರ ಪದರವಾಗಿ ಹಾಕಿ, ರೋಲರ್ ಓಡಿಸಿ ತಳ ಕಟ್ಟಿದೆವು.

ಅಂದಿನಿಂದ ಜೆಸಿಬಿ ಇಳಿಯುವ ಮೊದಲು ಮೂರ್ನಾಲ್ಕು ಕಡೆ ಗುಂಡಿ ತೆಗೆಸುತ್ತೇನೆ. ಒಂದೊಂದು ಅಡಿ ಆಳದ ಮಣ್ಣನ್ನೂ ನೆನೆಸಿ ಅಂಗೈಯಲ್ಲಿ ಹೊಸೆಯುತ್ತೇನೆ. ದಾರದ ಹಾಗೆ ಉದ್ದಕ್ಕೆ ಬಂದರೆ ಜೇಡಿ, ಪುಡಿಯಾಗಿ ಉದುರಿದರೆ ನೀರು ನಿಲ್ಲದ ಮಣ್ಣು. ಜೇಡಿ ಸಿಕ್ಕಲ್ಲಿಗೆ ಅಗೆತ ನಿಲ್ಲಬೇಕು. ಪೇಟೆಯ ಕೆರೆಯಾದರೆ ಇನ್ನೂ ಒಂದು ಕೆಲಸವಿದೆ. ಮೊದಲ ಮಳೆಯ ನೀರು ರಸ್ತೆಯ ಎಣ್ಣೆ, ಕಸ ಎಲ್ಲ ಹೊತ್ತು ತರುತ್ತದೆ. ಅದನ್ನು ಕೆರೆಗೆ ಬಿಡದೆ ಹೊರಗೇ ತಿರುಗಿಸಬೇಕು.

ಇನ್ನು ದಡ. ರಸ್ತೆ ಇರುವ ಬದಿಗೆ ಬೇಕಿದ್ದರೆ ಕಲ್ಲು ಕಟ್ಟಿ. ಎದುರಿನ ದಡ ಮಾತ್ರ ಐದಾರು ಅಡಿಗೆ ಒಂದಡಿಯಂತೆ ನಿಧಾನ ಇಳಿಯಲಿ. ಮೊಣಕಾಲುದ್ದದ ನೀರಲ್ಲೇ ಕೊಕ್ಕರೆ ನಿಂತು ಮೀನು ಹಿಡಿಯುವುದು. ಹುಂಡುಕೋಳಿಗೆ ಅಡಗಲು ಹುಲ್ಲು ಬೇಕು. ನೀರಿಗೆ ಬಿದ್ದ ಕರು, ಮಗು ಹತ್ತಿ ಬರುವುದೂ ಆ ಕಡೆಯಿಂದಲೇ.

ಸೊಳ್ಳೆ ಆಗುತ್ತದೆ ಅಂತ ಹುಲ್ಲು ಕಿತ್ತುಹಾಕಲು ಹೇಳುವವರೂ ಇದ್ದಾರೆ. ಅವರನ್ನು ನಾನು ಬೆಳಿಗ್ಗೆ ದಡಕ್ಕೆ ಕರೆದುಕೊಂಡು ಹೋಗುತ್ತೇನೆ. ಜೊಂಡಿನ ಕಡ್ಡಿಗೆ ಅಂಟಿಕೊಂಡ ಒಣ ಪೊರೆಯೊಂದನ್ನು ಬಿಡಿಸಿ ಅಂಗೈ ಮೇಲಿಡುತ್ತೇನೆ. ಬೆನ್ನು ಸೀಳಿದೆ, ಒಳಗೆ ಖಾಲಿ. ಏರೋಪ್ಲೇನ್ ಚಿಟ್ಟೆ ಬಿಟ್ಟುಹೋದದ್ದು. ನೀರಲ್ಲಿದ್ದಷ್ಟು ದಿನ ಅದು ಸೊಳ್ಳೆ ಮರಿಗಳನ್ನೂ ತಿಂದು ಬೆಳೆದಿರುತ್ತದೆ.