ಬಜ್ಪೆಯಿಂದ ದುಬೈಗೆ ಎಷ್ಟು ದೂರ, ಎಷ್ಟು ಹೊತ್ತು?

ಉಡುಪಿ, ಮಂಗಳೂರಿನ ಮನೆಗಳಿಗೆ ದುಬೈ ಟಿಕೆಟ್ ಹೊಸದಲ್ಲ. ಬಜ್ಪೆ (ಮಂಗಳೂರಿನ ವಿಮಾನ ನಿಲ್ದಾಣ) ಬಿಡುವುದು ಬೆಳಿಗ್ಗೆ 8:00, ದುಬೈ ತಲುಪುವುದು 10:00 ಅಂತ ಒಂದು ಟಿಕೆಟ್‌ನಲ್ಲಿ ಇದೆ ಅಂದುಕೊಳ್ಳಿ. ಎರಡೇ ಗಂಟೆಯ ಪ್ರಯಾಣ ಅಂತ ಬರೆದರೆ ಉತ್ತರ ತಪ್ಪು. ಯಾಕೆ ಅಂತ ದೂರದಿಂದ ಶುರು ಮಾಡೋಣ.

ಬಜ್ಪೆ ಸುಮಾರು 12.96 ಡಿಗ್ರಿ ಉತ್ತರ, 74.89 ಡಿಗ್ರಿ ಪೂರ್ವದಲ್ಲಿದೆ. ದುಬೈ ನಿಲ್ದಾಣ 25.25 ಉತ್ತರ, 55.36 ಪೂರ್ವ. ಅಕ್ಷಾಂಶದ ವ್ಯತ್ಯಾಸ 12.3 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ., ಹಾಗಾಗಿ ಉತ್ತರಕ್ಕೆ 1365 ಕಿ.ಮೀ. ರೇಖಾಂಶದ ವ್ಯತ್ಯಾಸ 19.5 ಡಿಗ್ರಿ. ಇಲ್ಲಿ ಎಚ್ಚರ ಬೇಕು. ರೇಖಾಂಶಗಳು ಧ್ರುವದ ಕಡೆ ಹೋದಂತೆ ಹತ್ತಿರ ಬರುತ್ತವೆ, ಅಲ್ವಾ? ಅದಕ್ಕೇ 111ನ್ನು ನಡುವಿನ ಅಕ್ಷಾಂಶದ (19 ಡಿಗ್ರಿ) ಕೊಸೈನ್ 0.945ರಿಂದ ಗುಣಿಸಬೇಕು. ಪಶ್ಚಿಮಕ್ಕೆ ಸುಮಾರು 2045 ಕಿ.ಮೀ. ಬರುತ್ತದೆ. ಇನ್ನು ಪೈಥಾಗೊರಸ್ ಸಾಕು: ನೇರ ದೂರ ಸುಮಾರು 2460 ಕಿ.ಮೀ. ಗೋಳದ ದೊಡ್ಡ ಸೂತ್ರ ಹಾಕಿ ನೋಡಿದೆ, ಹೆಚ್ಚುಕಡಿಮೆ ಅಷ್ಟೇ ಬಂತು. ನನಗೆ ತುಂಬ ಖುಷಿಯಾದ ಜಾಗ ಇದು. ಆದರೆ ನ್ಯೂಯಾರ್ಕ್‌ನಷ್ಟು ದೂರಕ್ಕೆ ಈ ಸುಲಭ ದಾರಿ ನಡೆಯುವುದಿಲ್ಲ.

ಪೈಲಟ್‌ಗಳು ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ., ಅದರಿಂದ ಭಾಗಿಸಿದರೆ 1328.

ಈಗ ಹೊತ್ತು. ಗಂಟೆಗೆ 830 ಕಿ.ಮೀ. ವೇಗ ಅಂತ ಹಿಡಿದರೆ 2 ಗಂಟೆ 58 ನಿಮಿಷ. ಟಿಕೆಟ್‌ನಲ್ಲಿ ಪ್ರಯಾಣದ ಅವಧಿ ಅಂತ ಇರುವುದು ಸುಮಾರು ಮೂರೂವರೆ ಗಂಟೆ. ಉಳಿದದ್ದು ರನ್‌ವೇವರೆಗೆ ಉರುಳುವುದಕ್ಕೆ, ಮೇಲೇರುವುದಕ್ಕೆ, ಇಳಿಯಲು ಸರದಿ ಕಾಯುವುದಕ್ಕೆ ಹೋಗುತ್ತದೆ. ದಾರಿ ಚಿಕ್ಕದಾದರೂ ಈ ಹೊತ್ತು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಬೆಂಗಳೂರು ನಿಲ್ದಾಣ ಬಜ್ಪೆಯಿಂದ ನೇರ ಸುಮಾರು 306 ಕಿ.ಮೀ. ಭಾಗಿಸಿದರೆ ಬರೀ 22 ನಿಮಿಷ! ಟಿಕೆಟ್ ಮಾತ್ರ ಒಂದು ಗಂಟೆಯ ಆಸುಪಾಸು ಹೇಳುತ್ತದೆ. ವಿಮಾನ ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

ಗಾಳಿಯನ್ನೂ ಸೇರಿಸಿ. ಚಳಿಗಾಲದಲ್ಲಿ ದುಬೈ ಕಡೆಯ ಮೇಲ್ಗಾಳಿ ಪಶ್ಚಿಮದಿಂದ ಜೋರಾಗಿ ಬೀಸುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಹಿಂದಿನಿಂದ ತಳ್ಳುವ ಗಾಳಿ. ದಾರಿಯುದ್ದಕ್ಕೂ ಗಂಟೆಗೆ 60 ಕಿ.ಮೀ. ಗಾಳಿ ಅಂದುಕೊಂಡರೆ ಹೋಗಲು 3 ಗಂಟೆ 12 ನಿಮಿಷ, ಬರಲು 2 ಗಂಟೆ 46 ನಿಮಿಷ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ತುಂಬ ಎತ್ತರದಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ. ಹಾಗಾಗಿ ಬರುವ ವಿಮಾನವೇ ಯಾವಾಗಲೂ ಬೇಗ ಅಂತ ಸುಮ್ನೆ ಬಾಯಿಪಾಠ ಮಾಡಬೇಡಿ.

ಕೊನೆಗೆ ಗಡಿಯಾರ. ನಮ್ಮ ಸಮಯ 82.5 ಡಿಗ್ರಿ ರೇಖಾಂಶದ್ದು, ದುಬೈಯದು 60 ಡಿಗ್ರಿಯದು. ವ್ಯತ್ಯಾಸ 22.5 ಡಿಗ್ರಿ, ಡಿಗ್ರಿಗೆ 4 ನಿಮಿಷ, ಒಟ್ಟು ಒಂದೂವರೆ ಗಂಟೆ. (ಬಜ್ಪೆಗೂ ದುಬೈಗೂ ಸೂರ್ಯನ ಲೆಕ್ಕದಲ್ಲಿ ಇರುವುದು 78 ನಿಮಿಷವೇ.) ದುಬೈ ಹಿಂದೆ ಇದೆ. ಹಾಗಾಗಿ 8:00ಕ್ಕೆ ಹೊರಟು ಮೂರೂವರೆ ಗಂಟೆ ಹಾರಿದರೆ ನಮ್ಮಲ್ಲಿ 11:30, ಅಲ್ಲಿ 10:00.

ಬರುವಾಗ ಕೂಡಿಸಿ. ಅಣ್ಣ ಅಲ್ಲಿ ಬೆಳಿಗ್ಗೆ 11:00ಕ್ಕೆ ಹೊರಟರೆ, ಅಷ್ಟೇ ಹೊತ್ತು ಹಿಡಿದರೂ ಬಜ್ಪೆಯಲ್ಲಿ ಇಳಿಯುವುದು ಸಂಜೆ 4:00ಕ್ಕೆ. ಉಡುಪಿಯಿಂದ ಕರೆದುಕೊಂಡು ಬರಲು ಹೋಗುವವರು ಊಟ ಮುಗಿಸಿಯೇ ಹೊರಡಬಹುದು.