ನಂದಿ ತಪ್ಪಲಿನ ವೈನರಿಗೆ ಬರ್ತೀರಾ? ಮೊದಲು ತಿಂಗಳು ನೋಡ್ಕೊಳ್ಳಿ

ನಂದಿ ಬೆಟ್ಟದ ತಪ್ಪಲಲ್ಲಿ ವೈನರಿ ಟೂರ್ ಮಾಡಿಸೋದು, ಟೇಸ್ಟಿಂಗ್ ನಡೆಸೋದು ನನ್ನ ಕೆಲಸ. ಬುಕಿಂಗ್‌ಗೆ ಫೋನ್ ಮಾಡೋ ಹೆಚ್ಚಿನವರು ಮೊದಲು ಕೇಳೋದು ವ್ಯೂ ಹೇಗಿದೆ, ಫೋಟೋ ಚೆನ್ನಾಗಿ ಬರುತ್ತಾ ಅಂತ. ಬರುತ್ತೆ, ಸಾಲು ಸಾಲು ಬಳ್ಳಿ, ಹಿಂದೆ ಬೆಟ್ಟ, ಯಾಕೆ ಬರಲ್ಲ. ಆದ್ರೆ ನಾನು ತಿರುಗಿ ಕೇಳೋದು ಯಾವ ತಿಂಗಳು ಬರ್ತೀರಾ ಅಂತ, ಯಾಕಂದ್ರೆ ಜುಲೈನಲ್ಲಿ ಬಂದು "ದ್ರಾಕ್ಷಿನೇ ಇಲ್ವಲ್ಲ ಸರ್" ಅಂತ ಮುಖ ಸಣ್ಣ ಮಾಡ್ಕೊಂಡು ಹೋದವರು ಬಹಳ ಜನ ಇದಾರೆ.

ಯೂರೋಪಲ್ಲಿ ಚಳಿಗಾಲ ಬಂತು ಅಂದ್ರೆ ಬಳ್ಳಿ ಎಲೆ ಉದುರಿಸಿ ಮಲಗಿಬಿಡುತ್ತೆ. ನಮ್ಮಲ್ಲಿ ಅಂಥ ಚಳಿ ಎಲ್ಲಿದೆ, ಬಳ್ಳಿ ಮಲಗೋದೇ ಇಲ್ಲ, ಅದರ ಪಾಡಿಗೆ ಬಿಟ್ರೆ ವರ್ಷಕ್ಕೆ ಎರಡು ಫಸಲು ಕೊಡೋಕೆ ಹೋಗುತ್ತೆ, ಮಳೆಗಾಲದ ಫಸಲು ಡೌನಿ ರೋಗಕ್ಕೋ ಕೊಳೆಗೋ ಸಿಕ್ಕಿ ಹಾಳಾಗುತ್ತೆ, ಉಳಿದಿದ್ರಲ್ಲೂ ವೈನ್‌ಗೆ ಬೇಕಾದ ಸಕ್ಕರೆ ಕೂಡಲ್ಲ. ಅದಕ್ಕೇ ಇಲ್ಲಿ ಎರಡು ಸಲ ಚಾಟನಿ, ಅಂದ್ರೆ ಬಳ್ಳಿ ಕತ್ತರಿಸಿ ಸವರೋದು. ಏಪ್ರಿಲ್ ಸುಮಾರಿಗೆ ಮಾಡೋದು ಕಡ್ಡಿ ಬೆಳೆಸೋಕೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಾಡೋದು ಹಣ್ಣಿಗೆ. ಹಣ್ಣು ಕೊಯ್ಲಿಗೆ ಬರೋದು ಜನವರಿ ಕೊನೆಯಿಂದ ಮಾರ್ಚ್ ತನಕ, ಕೆಲವು ಕೆಂಪು ತಳಿ ಇನ್ನೂ ಸ್ವಲ್ಪ ತಡ. ಹಾಗಾಗಿ ನನ್ನ ಕೇಳಿದ್ರೆ ಫೆಬ್ರವರಿಯಲ್ಲಿ ಶನಿವಾರ-ಭಾನುವಾರ ಬಿಟ್ಟು ಬೇರೆ ಒಂದು ದಿನ, ಬೆಳಿಗ್ಗೆ ಸ್ಲಾಟ್. ವೀಕೆಂಡ್ ಗದ್ದಲದಲ್ಲಿ ನಾನು ಹೇಳೋದು ನಿಮಗೆ ಕೇಳಿಸೋದೇ ಕಷ್ಟ.

ಬೆಟ್ಟ ಇರೋದು ಬರೀ ನೋಡೋಕಲ್ಲ, ವೈನ್‌ಗೆ ಅದರದ್ದೇ ದೊಡ್ಡ ಪಾಲಿದೆ. ನಂದಿಯ ತುದಿ ಸುಮಾರು 1,478 ಮೀಟರ್, ತೋಟಗಳು ಇರೋ ತಪ್ಪಲು 900ರ ಆಸುಪಾಸು. ಫೆಬ್ರವರಿ ಮಧ್ಯಾಹ್ನ 30 ಡಿಗ್ರಿ ಮುಟ್ಟಿದ್ರೂ ಬೆಳಗಿನ ಜಾವ 16-17ಕ್ಕೆ ಇಳಿಯುತ್ತೆ. ಹಗಲ ಬಿಸಿಲು ಹಣ್ಣಿಗೆ ಸಕ್ಕರೆ ಕೂಡಿಸುತ್ತೆ, ರಾತ್ರಿಯ ತಂಪು ಹುಳಿ ಬೇಗ ಕರಗದ ಹಾಗೆ ಉಳಿಸುತ್ತೆ, ಆ ಹುಳಿ ಹೋಯ್ತು ಅಂದ್ರೆ ವೈನ್ ಚಪ್ಪೆ. 1980ರ ದಶಕದಲ್ಲಿ ಇಲ್ಲಿನ ಗ್ರೋವರ್ ವೈನರಿ ಶುರು ಮಾಡಿದ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ತಳಿಗಳನ್ನ ತಂದು ಬೇರೆ ಬೇರೆ ಕಡೆ ಪರೀಕ್ಷೆ ಮಾಡಿ ಕೊನೆಗೆ ಈ ತಪ್ಪಲನ್ನೇ ಆರಿಸ್ಕೊಂಡಿದ್ದಕ್ಕೆ ಈ ಹವಾಮಾನ, ನೀರು ನಿಲ್ಲದ ಕೆಂಪು ಮಣ್ಣು ಎರಡೂ ಕಾರಣ. ಅದಕ್ಕೂ ಬಹಳ ಹಿಂದಿನಿಂದ ಇಲ್ಲಿನ ರೈತರು ಬೆಳೀತಾ ಬಂದಿರೋ ಬೆಂಗಳೂರು ಬ್ಲೂ ದ್ರಾಕ್ಷಿ ಬೇರೆ ಜಾತಿ, ತಿನ್ನೋಕೆ, ಜ್ಯೂಸ್‌ಗೆ, ಸಿಹಿ ಪೋರ್ಟ್ ಥರದ ವೈನ್‌ಗೆ ಹೋಗುತ್ತೆ. ಅದರ ಪರಿಮಳ ನನಗೆ ತುಂಬಾ ಇಷ್ಟ, ಆದ್ರೆ ಕ್ಯಾಬರ್ನೆ, ಶಿರಾಜ್, ಸೋವಿನ್ಯೋನ್ ಬ್ಲಾಂಕ್ ಅನ್ನೋ ಫ್ರೆಂಚ್ ತಳಿಗಳು ಕೊಡೋ ಡ್ರೈ, ಅಂದ್ರೆ ಸಿಹಿ ಇಲ್ಲದ ವೈನ್ ಅದರಿಂದ ಬರಲ್ಲ.

ತೋಟದೊಳಗೆ ಹೋಗೋಕೆ ಬಿಟ್ಟರೆ ಒಂದು ಕೆಲಸ ಮಾಡಿ. ಕೆಂಪು ವೈನಿನ ದ್ರಾಕ್ಷಿ ಒಂದನ್ನ ಹಿಚುಕಿ ರಸ ನೋಡಿ, ಹೆಚ್ಚುಕಡಿಮೆ ಬಣ್ಣವೇ ಇರಲ್ಲ. ಬಣ್ಣ, ಒಗರು ಎಲ್ಲಾ ಸಿಪ್ಪೆ ಮತ್ತು ಬೀಜದ್ದು. ಸಿಪ್ಪೆ ಜೊತೆಗೇ ಹುದುಗಿಸಿದ್ರೆ ರೆಡ್, ರಸ ಹಿಂಡಿ ಸಿಪ್ಪೆ ಬೇರೆ ಮಾಡಿ ಹುದುಗಿಸಿದ್ರೆ ವೈಟ್. ಇದನ್ನ ಕೈಯಾರೆ ನೋಡಿದವರಿಗೆ ಮುಂದೆ ಸ್ಟೀಲ್ ಟ್ಯಾಂಕ್ ಹತ್ರ ನಾನು ಹೇಳೋದೆಲ್ಲ ತಾನಾಗೇ ಅರ್ಥ ಆಗುತ್ತೆ. ಸುಗ್ಗಿ ಟೈಮಲ್ಲಿ ಟ್ಯಾಂಕ್ ಒಳಗೆ ಮಾತ್ರ ದಯವಿಟ್ಟು ಬಗ್ಗಿ ನೋಡಬೇಡಿ, ಹುದುಗುವಾಗ ಕಾರ್ಬನ್ ಡೈಆಕ್ಸೈಡ್ ಬರುತ್ತೆ, ಗಾಳಿಗಿಂತ ಭಾರ, ತಗ್ಗಲ್ಲೇ ನಿಂತಿರುತ್ತೆ, ಕಣ್ಣಿಗೆ ಕಾಣಲ್ಲ, ಉಸಿರು ಕಟ್ಟುತ್ತೆ. ಮಕ್ಕಳ ಕೈ ಬಿಡಲೇಬೇಡಿ.

ಇನ್ನು ಟೇಸ್ಟಿಂಗ್. ನಂದಿ ಬೆಟ್ಟದ ಸೂರ್ಯೋದಯ ನೋಡೋಕೆ ನಾಲ್ಕಕ್ಕೇ ಎದ್ದು, ಬರೀ ಕಾಫಿ ಕುಡಿದು ಸೀದಾ ನಮ್ಮಲ್ಲಿಗೆ ಬರೋರು ಬಹಳ. ಹಂಗೆ ಮಾಡಬೇಡಿ, ದಾರಿಯಲ್ಲಿ ಇಡ್ಲಿನೋ ದೋಸೆನೋ ತಿಂದು ಬನ್ನಿ. ಒಂದು ಸಲಕ್ಕೆ ಸುರಿಯೋದು 30-40 ಎಂಎಲ್ ಅಷ್ಟೇ ಅನಿಸುತ್ತೆ, ಐದು ಥರ ಕುಡಿದ್ರೆ 150ರಿಂದ 200 ಎಂಎಲ್, ಅಂದ್ರೆ ಒಂದು ಪೂರ್ತಿ ಗ್ಲಾಸ್ ದಾಟಿರುತ್ತೆ, ಖಾಲಿ ಹೊಟ್ಟೆಗೆ ಅದು ಏರೋದು ಬೇಗ. ಟೇಬಲ್ ಮೇಲೆ ಬಕೆಟ್ ಇಟ್ಟಿರೋದು ರುಚಿ ನೋಡಿದ ವೈನ್ ಉಗಿಯೋಕೇ. ನಮ್ಮ ಕಡೆ ಬೇರೆಯವರ ಮುಂದೆ ಉಗಿಯೋದು ಅಂದ್ರೆ ಮುಜುಗರ, ಗೊತ್ತು, ಆದ್ರೆ ನಾವೆಲ್ಲ ದಿನಾ ಅದನ್ನೇ ಮಾಡ್ತೀವಿ, ಮಿಕ್ಕಿದ್ದನ್ನ ಅದಕ್ಕೇ ಸುರಿದ್ರೂ ಯಾರೂ ಬೇಜಾರಾಗಲ್ಲ. ಗಾಡಿ ಓಡಿಸೋರು ಕುಡಿಯಲೇಬೇಡಿ, ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಅದನ್ನ ದಾಟೋಕೆ ಜಾಸ್ತಿ ಏನೂ ಬೇಡ. ಡ್ರೈವರ್ ಇಟ್ಕೊಂಡು ಬಂದ್ರೆ ಎಲ್ಲರಿಗೂ ನೆಮ್ಮದಿ.

ಸೆಂಟ್ ಹಾಕ್ಕೊಂಡು ಬರಬೇಡಿ, ನಿಮ್ಮ ಮೂಗಿಗೂ ಪಕ್ಕದವರ ಮೂಗಿಗೂ ವೈನ್ ವಾಸನೆ ಸಿಗಲ್ಲ. ಗ್ಲಾಸನ್ನ ಅದರ ಕೆಳಗಿನ ಸಣ್ಣ ಕಡ್ಡಿಯಲ್ಲಿ ಹಿಡೀರಿ, ತಿರುಗಿಸಿ, ಮೂಸಿ, ಆಮೇಲೆ ಒಂದು ಗುಟುಕು ಬಾಯಲ್ಲಿ ಆಡಿಸಿ. ರೆಡ್ ಕುಡಿದಾಗ ನೇರಳೆ ಹಣ್ಣು ತಿಂದ ಹಾಗೆ ನಾಲಿಗೆ ಹಿಡ್ಕೊಳ್ಳುತ್ತೆ, ಅದು ಕೆಟ್ಟಿರೋದಲ್ಲ, ಸಿಪ್ಪೆ-ಬೀಜದಿಂದ ಬರೋ ಟ್ಯಾನಿನ್ ಅನ್ನೋ ಒಗರು. ಅದರ ಮೇಲೆ ಖಾರದ ಚಿಕನ್ ತಿಂದ್ರೆ ಬಾಯಿ ಉರಿ ಜಾಸ್ತಿ ಆಗುತ್ತೆ, ಖಾರ ಬೇಕೇ ಬೇಕು ಅನ್ನೋರು ಸ್ವಲ್ಪ ಸಿಹಿ ಇರೋ ತಂಪು ಶೆನಿನ್ ಬ್ಲಾಂಕ್ ಅನ್ನೋ ವೈಟ್ ವೈನ್ ಜೊತೆ ತಿಂದು ನೋಡಿ. ಯಾವುದು ಇಷ್ಟ ಆಗಿಲ್ವೋ ಅದನ್ನೂ ಬಾಯಿಬಿಟ್ಟು ಹೇಳಿ. "ಎಲ್ಲಾ ಸೂಪರ್" ಅಂದ್ರೆ ಮುಂದಿನ ಗ್ಲಾಸಿಗೆ ಏನು ಸುರೀಬೇಕು ಅಂತ ನನಗೆ ಗೊತ್ತಾಗಲ್ಲ, ಹುಳಿ ಹೆಚ್ಚಾಯ್ತು, ಒಗರಾಯ್ತು ಅಂದ್ರೆ ನಿಮಗೆ ಒಪ್ಪೋದನ್ನ ಹುಡುಕಿ ಕೊಡಬಹುದು.

ಬಾಟಲಿ ತಗೊಂಡ್ರೆ ಹೊರಡೋ ಹೊತ್ತಿಗೆ ತಗೊಳ್ಳಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಇದ್ರೆ ಸಾಕು, ವೈನ್ ಬೆಂದ ಹಾಗಾಗುತ್ತೆ, ಆಮೇಲೆ ಫ್ರಿಜ್‌ಗೆ ಇಟ್ರೂ ಸರಿ ಹೋಗಲ್ಲ. ಮನೆಗೆ ಹೋದ್ಮೇಲೆ ರೆಡ್‌ನ ಕೂಡ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ತೆಗೀರಿ, 16-18 ಡಿಗ್ರಿಗೆ ಬರಲಿ. ರೂಮ್ ಟೆಂಪರೇಚರ್ ಅಂತ ಪುಸ್ತಕದಲ್ಲಿ ಬರೆದಿರೋದು ಚಳಿ ದೇಶದ ರೂಮಿಗೆ, ಏಪ್ರಿಲ್‌ನಲ್ಲಿ ನಮ್ಮ ಮನೆ ಹಾಲ್‌ಗೆ ಅಲ್ಲ.