ಚೀಟಿ ಹರಿಯಬೇಕೋ, ಕಿರ್ದಿ ಉಳಿಯಬೇಕೋ

ಬೆಳಿಗ್ಗೆ ಎಂಟೂವರೆಗೆ ಬೆಂಗಳೂರಿನ ಯಾವುದಾದರೂ ದರ್ಶಿನಿಗೆ ಹೋಗಿ ನೋಡಿ. ಗಲ್ಲಾದಲ್ಲಿ ಕೂತವರು ದುಡ್ಡು ತಗೊಂಡು ಚೀಟಿ ಕೊಟ್ಟು ಮುಂದಿನವರ ಕಡೆ ತಿರುಗುತ್ತಾರೆ. ನಿಮ್ಮ ಮಸಾಲೆ ದೋಸೆ ಕಾವಲಿಗೆ ಬಿತ್ತೋ ಇಲ್ಲವೋ ಅವರಿಗೆ ಬೇಕಿಲ್ಲ. ದೋಸೆ ಹುಯ್ಯುವವರಿಗೂ ಗಲ್ಲಾದ ಗೊಡವೆ ಇಲ್ಲ. ಚೀಟಿ ನೋಡಿ, ತಟ್ಟೆ ಮುಂದಿಟ್ಟು, ಚೀಟಿ ಹರಿಯುತ್ತಾರೆ. ಒಂದೊಂದು ದೋಸೆ ಬೇಯುವ ತನಕ ಗಲ್ಲಾದವರೂ ಕೈಕಟ್ಟಿ ಕೂರಬೇಕಿದ್ದರೆ ಸಾಲು ರಸ್ತೆ ದಾಟುತ್ತಿತ್ತು.

ಸಾಫ್ಟ್‌ವೇರ್‌ನವರು ಮೆಸೇಜ್ ಕ್ಯೂ ಅನ್ನುವುದು ಈ ಏರ್ಪಾಡಿಗೇ. ನೀವು ಆರ್ಡರ್ ಒತ್ತಿದಾಗ ಬಿಲ್ ಮಾಡುವುದು, ಗೋದಾಮಿಗೆ ತಿಳಿಸುವುದು, ಎಸ್ಸೆಮ್ಮೆಸ್ ಕಳಿಸುವುದು ಬೇರೆ ಬೇರೆ ಪ್ರೋಗ್ರಾಮ್‌ಗಳ ಕೆಲಸ. ಗೋದಾಮಿನ ಸರ್ವರ್ ಕೆಟ್ಟು ಕೂತಿದ್ದರೂ ನಿಮ್ಮ ಆರ್ಡರ್ ಕಳೆದುಹೋಗುವುದಿಲ್ಲ, ಚೀಟಿಯಾಗಿ ಕ್ಯೂನಲ್ಲಿ ಕಾದಿರುತ್ತದೆ.

1993ರಲ್ಲಿ ಐಬಿಎಂ ತಂದ ಎಂಕ್ಯೂಸೀರೀಸ್ ಎಂಬ ಕ್ಯೂ ಸಾಫ್ಟ್‌ವೇರ್ ಬ್ಯಾಂಕುಗಳಲ್ಲಿ ಇವತ್ತಿಗೂ ಹೆಸರು ಬದಲಿಸಿಕೊಂಡು ದುಡಿಯುತ್ತಿದೆ. ಆದರೆ ಒಬ್ಬೊಬ್ಬ ಮಾರಾಟಗಾರನದೂ ಒಂದೊಂದು ಭಾಷೆ. ಇದರಿಂದ ಬೇಸತ್ತು 2003ರಲ್ಲಿ ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನ ಜಾನ್ ಒ'ಹಾರಾ ಎಲ್ಲರಿಗೂ ಸಲ್ಲುವ ಎಎಂಕ್ಯೂಪಿ ಎಂಬ ಮುಕ್ತ ಒಡಂಬಡಿಕೆಯ ಕೆಲಸ ಶುರುಮಾಡಿದರು. ಅದರ ಕೂಸು 2007ರಲ್ಲಿ ಬಂದ ಕ್ಯೂ ಸಾಫ್ಟ್‌ವೇರ್ ರ‍್ಯಾಬಿಟ್‌ಎಂಕ್ಯೂ. ದರ್ಶಿನಿಯ ಚೀಟಿಯ ಹಾಗೆ, ಕೆಲಸ ಮುಗಿಯಿತು ಎಂಬ ಸ್ವೀಕೃತಿ ಬಂದ ಕೂಡಲೇ ಅದು ಸಂದೇಶವನ್ನು ಅಳಿಸುತ್ತದೆ.

ಸಂದೇಶ ಸಾಗಿಸುವ ಇನ್ನೊಂದು ಸಾಫ್ಟ್‌ವೇರ್ ಕಾಫ್ಕಾ ಬೇರೆ ಜಾತಿ. ಲಿಂಕ್ಡ್‌ಇನ್‌ನಲ್ಲಿ ಜೇ ಕ್ರೆಪ್ಸ್, ನೇಹಾ ನಾರ್ಖೇಡೆ, ಜುನ್ ರಾವ್ ಕಟ್ಟಿ 2011ರಲ್ಲಿ ಲೋಕಕ್ಕೆ ಬಿಟ್ಟ ಇದನ್ನು ಚೀಟಿಗೆ ಹೋಲಿಸಿದರೆ ದಾರಿ ತಪ್ಪುತ್ತೇವೆ. ಇದು ಹಳೇ ಮಂಡಿ ಅಂಗಡಿಯ ಕಿರ್ದಿ ಪುಸ್ತಕ. ವ್ಯವಹಾರ ನಡೆದ ಕ್ರಮದಲ್ಲೇ ಕೆಳಗೆ ಕೆಳಗೆ ಬರೆಯುತ್ತ ಹೋಗುವುದು, ಬರೆದದ್ದನ್ನು ಓದಿದರೆಂದು ಹರಿಯುವುದಿಲ್ಲ. ಗುಮಾಸ್ತ ನಿನ್ನೆ ನಿಲ್ಲಿಸಿದ ಸಾಲಿನಿಂದ ಓದುತ್ತಾನೆ, ಆಡಿಟರು ಬೇಕಾದರೆ ಮೊದಲ ಪುಟದಿಂದ. ಎಲ್ಲಿಯವರೆಗೆ ಓದಿದೆ ಎಂಬ ಗುರುತು ಒಬ್ಬೊಬ್ಬರದೂ ಬೇರೆ. ನಾವೇನೂ ಹೇಳದಿದ್ದರೆ ಕಾಫ್ಕಾ ಏಳು ದಿನ ಪುಟಗಳನ್ನು ಇಟ್ಟುಕೊಳ್ಳುತ್ತದೆ.

ಹಾಗಾಗಿ ಆಯ್ಕೆಗೆ ಕೂತಾಗ ಮೊದಲು ಕೇಳಬೇಕಾದದ್ದು ಸೆಕೆಂಡಿಗೆ ಎಷ್ಟು ಲಕ್ಷ ಸಂದೇಶ ಎಂದಲ್ಲ. ಓದಿದ ಮೇಲೆ ಇದು ಉಳಿಯಬೇಕೇ, ಹೋಗಬೇಕೇ?

ಈ ಪ್ರಶ್ನೆ ಕೇಳದೆ ನಾನೇ ಕೈ ಸುಟ್ಟುಕೊಂಡಿದ್ದೇನೆ. ಹಿಂದೆ ಇದ್ದ ಕಂಪನಿಯಲ್ಲಿ ಬಿಲ್ಲುಗಳಿಗೆ ಕಾಫ್ಕಾ ಹಾಕಿದೆವು. ಎಲ್ಲರೂ ಹಾಕುತ್ತಿದ್ದರು, ಅಷ್ಟೇ ಕಾರಣ. ಒಂದು ರಾತ್ರಿ ಪಿನ್‌ಕೋಡ್ ಜಾಗದಲ್ಲಿ ಫೋನ್ ನಂಬರ್ ಇದ್ದ ಬಿಲ್ಲೊಂದು ಬಂತು. ನಮ್ಮ ಪ್ರೋಗ್ರಾಮ್ ಅದನ್ನು ಓದುವುದು, ಬೀಳುವುದು, ಎದ್ದು ಮತ್ತೆ ಅದನ್ನೇ ಓದುವುದು. ಕಿರ್ದಿಯಲ್ಲಿ ಸಾಲು ಹಾರಿಸಿ ಮುಂದೆ ಹೋಗು ಎಂದು ನಾವು ಬರೆದಿರಲಿಲ್ಲ. ಕಿರ್ದಿಯ ಆ ಭಾಗದಲ್ಲಿ, ಅಂದರೆ ಆ ಪಾರ್ಟಿಷನ್‌ನಲ್ಲಿ, ಅದರ ಹಿಂದಿದ್ದ ಅಷ್ಟೂ ಬಿಲ್ಲು ಬೆಳಗಿನವರೆಗೆ ನಿಂತವು. ರ‍್ಯಾಬಿಟ್‌ಎಂಕ್ಯೂನಲ್ಲಿ ಮೊದಲೇ ಹೇಳಿಟ್ಟಿದ್ದರೆ ಇಂಥ ಸಂದೇಶವನ್ನು ಡೆಡ್ ಲೆಟರ್ ಕ್ಯೂಗೆ ತಳ್ಳಬಹುದು. ವಿಳಾಸ ಸಿಗದ ಕಾಗದಗಳಿಗೆ ಅಂಚೆಯವರು ಇಟ್ಟಿದ್ದ ಡೆಡ್ ಲೆಟರ್ ಆಫೀಸಿನಿಂದ ಬಂದ ಹೆಸರು ಅದು.

ಕೆಲವು ತಿಂಗಳ ನಂತರ ಅದೇ ಕಾಫ್ಕಾ ಮಾನ ಉಳಿಸಿತು. ತೆರಿಗೆ ಲೆಕ್ಕ ಮೂರು ದಿನ ತಪ್ಪಾಗಿತ್ತು. ಗುರುತನ್ನು ಮೂರು ದಿನ ಹಿಂದಕ್ಕೆ ಸರಿಸಿ ಮತ್ತೆ ಓದಿಸಿದೆವು, ಲೆಕ್ಕ ಸರಿಹೋಯಿತು. ಚೀಟಿಗಳಾಗಿದ್ದರೆ ಹರಿದು ಬುಟ್ಟಿ ಸೇರಿರುತ್ತಿದ್ದವು. (ಈಗ ಇಬ್ಬರೂ ಒಬ್ಬರ ಹಿತ್ತಿಲಿಗೆ ಒಬ್ಬರು ಇಣುಕುತ್ತಿದ್ದಾರೆ. ರ‍್ಯಾಬಿಟ್ 2021ರಲ್ಲೇ ಕಿರ್ದಿಯಂಥ ಸ್ಟ್ರೀಮ್ ತಂದಿತು, ಕಾಫ್ಕಾ ಚೀಟಿಯ ರೀತಿ ಕಲಿಯುತ್ತಿದೆ.)

ಯಾವುದನ್ನು ತಂದರೂ ಒಂದು ಕಾಟ ತಪ್ಪುವುದಿಲ್ಲ. ತಟ್ಟೆ ಕೊಟ್ಟಾಗಿದೆ, ಚೀಟಿ ಹರಿಯುವ ಮೊದಲೇ ಕೌಂಟರಿನವರು ಬದಲಾದರು. ಹೊಸಬರು ಹರಿಯದ ಚೀಟಿ ನೋಡಿ ಇನ್ನೊಂದು ದೋಸೆ ಕೊಡುತ್ತಾರೆ. ಮೊದಲೇ ಹರಿದಿಟ್ಟರೆ ಗಿರಾಕಿಗೆ ದೋಸೆಯೇ ಸಿಗದಿರಬಹುದು. ಎರಡರಲ್ಲಿ ವ್ಯಾಪಾರಸ್ಥರು ಮೊದಲನೆಯದನ್ನೇ ಒಪ್ಪುತ್ತಾರೆ. ಆದ್ದರಿಂದ ಹಣ ಕಡಿತ ಮಾಡುವ ಪ್ರೋಗ್ರಾಮ್ ಆರ್ಡರ್ ನಂಬರನ್ನು ಬರೆದಿಟ್ಟುಕೊಂಡು, ಅದೇ ನಂಬರ್ ಮತ್ತೆ ಬಂದರೆ ಸುಮ್ಮನಿರಬೇಕು. ಕಾಫ್ಕಾ 2017ರಿಂದ 'ಒಂದೇ ಒಂದು ಸಲ' ಎಂಬ ಭರವಸೆ ಕೊಡುತ್ತದೆ, ನಿಜ. ಆ ಭರವಸೆ ಕಾಫ್ಕಾದ ಹೊಸಿಲಿನೊಳಗೆ ಮಾತ್ರ. ಹೊರಗೆ ಹೋದ ಎಸ್ಸೆಮ್ಮೆಸ್‌ಗೆ ಅದು ಹೊಣೆಯಲ್ಲ.

ಇನ್ನೊಂದು ಭ್ರಮೆ, ಕ್ಯೂ ಹಾಕಿದರೆ ವ್ಯವಸ್ಥೆ ವೇಗವಾಗುತ್ತದೆ ಅನ್ನುವುದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಕರೆಗಳ ದಟ್ಟಣೆಯ ಬಗ್ಗೆ ಬರೆದು ಸಾಲಿನ ಗಣಿತಕ್ಕೆ ನಾಂದಿ ಹಾಡಿದ. ರ‍್ಯಾಬಿಟ್‌ಎಂಕ್ಯೂ ಬರೆದಿರುವ ಭಾಷೆಯ ಹೆಸರೂ ಎರ್ಲಾಂಗ್! ಆ ಗಣಿತದ ಅತಿ ಸರಳ ಮಾದರಿಯನ್ನೇ ನೋಡಿ: ಒಬ್ಬನೇ ಕೆಲಸಗಾರ, ಗಿರಾಕಿಗಳು ಬೇಕೆಂದಾಗ ಬರುತ್ತಾರೆ. ಅವನ ಹೊತ್ತಿನಲ್ಲಿ ಅರ್ಧ ತುಂಬಿದ್ದರೆ ಅವನ ಮುಂದೆ ಸರಾಸರಿ ಒಬ್ಬರು. ನೂರಕ್ಕೆ 80 ತುಂಬಿದರೆ 4 ಮಂದಿ, 90 ಆದರೆ 9, 95 ಆದರೆ 19. ಶೇಕಡ ಐದರಷ್ಟು ಕೆಲಸ ಹೆಚ್ಚಿದ್ದಕ್ಕೆ ಸಾಲು ದುಪ್ಪಟ್ಟಿಗಿಂತ ಉದ್ದ. ದೋಸೆ ಕಾವಲಿ ಒಂದೇ ಇದ್ದು, ಚೀಟಿ ಮಾತ್ರ ಸರಸರ ಕೊಟ್ಟರೆ ಏನು ಬಂತು?

ಮೊನ್ನೆ ಜೊತೆಗೆ ಕೆಲಸ ಮಾಡುವ ಹುಡುಗಿ ಬಂದು, 'ಸರ್, ಕಾಫ್ಕಾನೋ ರ‍್ಯಾಬಿಟ್ಟೋ?' ಅಂದಳು.

'ದಿನಕ್ಕೆ ಎಷ್ಟು ಬಿಲ್ಲಮ್ಮಾ?'

'ಇಪ್ಪತ್ತು ಸಾವಿರ.'

ಎಂಟು ಗಂಟೆಯಲ್ಲೇ ಎಲ್ಲ ಬಂದವು ಅಂದುಕೊಂಡರೂ ಸೆಕೆಂಡಿಗೆ ಒಂದೂ ಆಗುವುದಿಲ್ಲ. ಅವರ ಹತ್ತಿರ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಆಗಲೇ ಇತ್ತು. 2016ರ 9.5 ಆವೃತ್ತಿಯಿಂದ ಅದರಲ್ಲಿ ಸ್ಕಿಪ್ ಲಾಕ್ಡ್ ಎಂಬ ಸೌಲಭ್ಯವಿದೆ. ಡೇಟಾಬೇಸಿನ ಟೇಬಲ್‌ನಲ್ಲಿ ಒಬ್ಬ ಕೈಯಿಟ್ಟ ಸಾಲನ್ನು ಬಿಟ್ಟು ಇನ್ನೊಬ್ಬ ಮುಂದಿನದನ್ನು ಎತ್ತಿಕೊಳ್ಳಬಹುದು. ಒಂದು ಟೇಬಲ್ ಸಾಕು ಅಂದೆ. ಹುಡುಗಿಗೆ ಸ್ವಲ್ಪ ನಿರಾಸೆಯಾಯಿತು, ರೆಸ್ಯೂಮೆಯಲ್ಲಿ ಟೇಬಲ್ ಅಂತ ಬರೆಯಲು ಆಗುವುದಿಲ್ಲವಲ್ಲ.